ಅವ್ವ ಇಳಿಯದ ಏರು

ನಮ್ಮವ್ವ ದೇವಿರಮ್ಮ ಸೈಕಲ್ ಕಲಿತದ್ದು ನನ್ನ ಸೈಕಲ್ಲಿನಲ್ಲಿ. ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟದ್ದು ಅದು. ನಾನು ಹೊಳಲಿನಿಂದ ಮಂಡ್ಯದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ ಹಿತ್ತಿಲ ಗೋಡೆಗೆ ಒರಗಿ ನಿಂತಿತ್ತು. ಒಂದು ಬೆಳಿಗ್ಗೆ ನೋಡಿದರೆ, ಅವ್ವ ಅದನ್ನು ನಾಲೆಯ ಏರಿಗೆ ತಳ್ಳಿಕೊಂಡು ಹೋಗಿ ಒಬ್ಬಳೇ ಹತ್ತುತ್ತಿದ್ದಳು, ಬೀಳುತ್ತಿದ್ದಳು. ತರಚಿದ ಮೊಣಕೈಯಲ್ಲೇ ಬಂದು ಒಲೆ ಹಚ್ಚಿದಳು. ಮಳೆಗಾಲದ ಹೊತ್ತಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೋಗುವಂತಾಗಿದ್ದಳು.

ಅವಳದೊಂದು ಪದ್ಧತಿ. ದಾರಿಯಲ್ಲಿ ಹಿರಿಯರು ಕೂತಿದ್ದರೆ ಇಳಿಯಬೇಕು, ಸೈಕಲ್ ತಳ್ಳಿಕೊಂಡು ಅವರನ್ನು ದಾಟಬೇಕು, ಆಮೇಲೆ ಹತ್ತಬೇಕು. ಮಾವನನ್ನಂತೂ ಸೈಕಲ್ಲಿನ ಮೇಲಿದ್ದು ಅವಳು ಯಾವತ್ತೂ ದಾಟಿದವಳಲ್ಲ.

ಆ ಮಾವ, ನಮ್ಮ ತಾತ ಮಾದಯ್ಯ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯಾಗಿ ನಾಲೆಯುದ್ದಕ್ಕೂ ಸೈಕಲ್ಲಿನಲ್ಲೇ ಬದುಕು ಸವೆಸಿದವರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಪ್ಪನಿಗೆ, "ಸೈಕಲ್ಲಲ್ಲೇ ಮಂಗ್ಳೂರ್ಗೆ ಓಗಿ ಸಮುದ್ರ ನೋಡ್ಬೇಕು ಕಣ್ಲಾ" ಎಂದರು. ಅಪ್ಪ ನಕ್ಕು, ಆಮೇಲೆ ಕಾರ್ಖಾನೆಗೆ ರಜೆ ಹಾಕಿದ. ನಾನೂ ಹೊರಟೆ.

"ನಾನೂ ಬತ್ತೀನಿ," ಎಂದಳು ಅವ್ವ. ಅವಳೂ ಸಮುದ್ರ ನೋಡಿರಲಿಲ್ಲ. ಆದರೆ ಆ ಆಸೆಯನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ. ನನ್ನ ಸೈಕಲ್ ಅವಳಿಗಾಯಿತು, ನಾನು ಗೆಳತಿಯದನ್ನು ಕೇಳಿ ತಂದೆ.

ಹಸು ನೋಡಿಕೊಳ್ಳಲು ಒಪ್ಪಿದ ಪಕ್ಕದ ಮನೆ ಮಲ್ಲಿಗಮ್ಮ ಕೇಳಿದಳು: "ಅಲ್ಲಮ್ಮಿ, ಅಷ್ಟ್ ದೂರ ತುಳ್ಕಂಡ್ ಓಯ್ತೀಯಲ್ಲ, ಉಪ್ಪು ತರಕಾ?"

"ನಿನ್ ನಾಲ್ಗೆಗೆ ಉಪ್ಪ್ ಬ್ಯಾಡ, ಸಕ್ರೆ ತತ್ತೀನಿ ಬುಡು," ಎಂದಳು ಅವ್ವ.

ಮೈಸೂರು ದಾಟಿದ ಮೇಲೆ ತೊಂದರೆ ಶುರುವಾಯಿತು. ಊರೂರಿಗೂ ಒಂದು ಅರಳಿಕಟ್ಟೆ, ಕಟ್ಟೆಯ ತುಂಬ ಮುದುಕರು. ಎಲ್ಲೆಲ್ಲೂ ಅವ್ವ ಇಳಿದಳು. ಹುಣಸೂರು ಮುಟ್ಟುವಾಗ ಕತ್ತಲಾಗಿತ್ತು. ಮಾರನೆಯ ದಿನವೂ ಅದೇ ಕತೆ.

"ಅವ್ರೇನು ನಿಂಗೆ ನೆಂಟ್ರಾ? ಪಿರಿಯಾಪಟ್ಣದ ಮುದುಕ್ರು ಕಣಮ್ಮಿ ಅವ್ರು!" ಎಂದ ಅಪ್ಪ.

"ಮುದುಕ್ರು ಎಲ್ಲಾ ಊರಲ್ಲೂ ಮುದುಕ್ರೇ ಕಣಿ."

ಮೂರನೆಯ ಬೆಳಿಗ್ಗೆ ಸುಂಟಿಕೊಪ್ಪದಲ್ಲಿ ತಿಂಡಿ ತಿಂದು ತಾತ ಮುಂದೆ ಹೊರಟ ಮೇಲೆ ಅಪ್ಪ ದನಿ ತಗ್ಗಿಸಿದ. "ನೋಡು, ಇಂಗೇ ಆದ್ರೆ ರಜೆ ಸಾಲಾಕಿಲ್ಲ. ಇಲ್ಲಿಂದ ಮಡಿಕೇರಿಗಂಟ ಎಲ್ಲೂ ಇಳೀಬ್ಯಾಡ. ಒಂದ್ ಸಲ ಇಳಿದ್ರೂ ಅಲ್ಲಿಂದ ನಿನ್ನ ಬಸ್ ಅತ್ತಿಸ್ತೀನಿ. ಊರ್ಗೆ." ಅಪ್ಪ ಮಾತಿಗೆ ತಪ್ಪುವವನಲ್ಲ. ಅವ್ವ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡಳು.

ಗೇರಿಲ್ಲದ ಸೈಕಲ್ಲು, ಬಿಡದೆ ಏರುವ ರಸ್ತೆ. ನನ್ನ ಕಾಲುಗಳು ಬೇಗನೆ ಸೋತವು. ನಾನು ಇಳಿದೆ, ತಳ್ಳಿದೆ, ಮತ್ತೆ ಹತ್ತಿದೆ. ಮುಂದೆ ಅವ್ವನ ಬೆನ್ನು ಕಾಣುತ್ತಿತ್ತು. ಕುಪ್ಪಸದಂತೆ ಮೈಗಂಟಿದ ನನ್ನ ಹಳೆಯ ಚೂಡಿದಾರ, ನಿಧಾನವಾಗಿ ತೂಗುವ ಭುಜ. ಕಾಫಿ ತೋಟದ ನೆರಳು ಅವಳ ಮೇಲೆ ಬಿದ್ದು ಜಾರುತ್ತಿತ್ತು.

ಮಡಿಕೇರಿ ಹತ್ತಿರ ಬಂದಿತ್ತು. ಕಡಿದಾದ ಒಂದು ತಿರುವಿನಲ್ಲಿ, ಮೋರಿಯ ಕಟ್ಟೆಯ ಮೇಲೆ, ತಾತ ಕೂತಿದ್ದರು. ಸುಧಾರಿಸಿಕೊಳ್ಳುತ್ತಿದ್ದರು. ಅಪ್ಪ ಹೇಳಿದ ಮಾತು ಅವರಿಗೆ ಗೊತ್ತಿರಲಿಲ್ಲ.

ಅವ್ವನ ಪೆಡಲು ತಡವರಿಸಿತು. ಎಡಗಾಲು ನೆಲದ ಕಡೆಗೆ ಇಳಿಯಿತು. ಅಪ್ಪ ನನ್ನ ಪಕ್ಕದಲ್ಲೇ ಸೈಕಲ್ ತಳ್ಳುತ್ತಿದ್ದ. ಅವನೂ ಉಸಿರು ಹಿಡಿದು ನೋಡುತ್ತಿದ್ದ. ಆ ಏರಿನಲ್ಲಿ ಒಮ್ಮೆ ಇಳಿದರೆ ಮತ್ತೆ ಹತ್ತುವ ಮಾತೇ ಇರಲಿಲ್ಲ.

ಕಾಲು ನೆಲ ಮುಟ್ಟಲಿಲ್ಲ. ಪೆಡಲಿಗೆ ಮರಳಿತು.

"ತಪ್ಪು ತಿಳ್ಕಬ್ಯಾಡಿ ಮಾವ!" ಎಂದು ಕೂಗಿದಳು ಅವ್ವ, ತಲೆ ತಗ್ಗಿಸಿಕೊಂಡು, ತುಳಿಯುತ್ತಲೇ.

ತಾತ ಅವಳನ್ನು ನೋಡಿದರು. ಆಮೇಲೆ ಮಂಡಿಗೆ ಕೈಯೂರಿ ಎದ್ದು ನಿಂತರು. ಸೊಸೆಗಾಗಿ ಅವರು ಎದ್ದು ನಿಂತದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. "ತುಳಿ ಕಣವ್ವ, ತುಳಿ! ನಿಲ್ಬ್ಯಾಡ!" ಎಂದು ಕೂಗಿದರು. ಅವ್ವ ಅವರನ್ನು ದಾಟಿದಳು, ತಿರುವನ್ನೂ ದಾಟಿ ಕಣ್ಮರೆಯಾದಳು.

ನಾವು ತಳ್ಳಿಕೊಂಡು ಹತ್ತಿರ ಬಂದಾಗ ತಾತ ಇನ್ನೂ ನಿಂತೇ ಇದ್ದರು. "ನೋಡ್ಲಾ ಸಿವರಾಜು," ಎಂದರು ಅಪ್ಪನಿಗೆ, "ನೀನು ತಳ್ತಿದ್ದೀಯ, ನಮ್ ಸೊಸೆ ತುಳೀತಾವ್ಳೆ." ಮಡಿಕೇರಿಯಲ್ಲಿ ಅಪ್ಪ ಬಸ್ಸಿನ ಸುದ್ದಿ ಎತ್ತಲಿಲ್ಲ. ರಾತ್ರಿ ಅವ್ವನ ಸೈಕಲ್ಲಿನ ಬ್ರೇಕಿನ ಸವೆದ ರಬ್ಬರುಗಳನ್ನು ತಾನೇ ಬಿಚ್ಚಿ ಹೊಸದು ಹಾಕಿದ.

ಸಂಪಾಜೆಯ ಘಾಟಿ ಇಳಿಯುವಾಗ ತಾತನೇ ಅವ್ವನನ್ನು ಮುಂದೆ ಬಿಟ್ಟರು. ಸುಳ್ಯ, ಪುತ್ತೂರು, ಅಲ್ಲಿಂದಾಚೆಗೂ ಅವಳೇ ಮುಂದೆ. ಟೀ ಅಂಗಡಿಗಳಲ್ಲಿ ಯಾರಾದರೂ ಕೇಳಿದರೆ ತಾತ, "ನಾವು ಮಂಡ್ಯದೋರು. ಅಗೋ, ಮುಂದೆ ಓಯ್ತಾವ್ಳಲ್ಲ, ಅವಳ ಜೊತೇಲಿ ಬಂದೋ," ಎನ್ನುತ್ತಿದ್ದರು.

ಕಡಲ ತೀರದಲ್ಲಿ ಮರಳು ಚಕ್ರವನ್ನು ಹಿಡಿದ ಮೇಲೂ ಅವ್ವ ನಿಲ್ಲಲಿಲ್ಲ. ಸೈಕಲ್ ತಳ್ಳಿಕೊಂಡು ನೇರ ಅಲೆಗಳೊಳಗೆ ನಡೆದಳು. ನೀರು ಅವಳ ಮೊಣಕಾಲನ್ನೂ ಚೈನನ್ನೂ ಮುಳುಗಿಸಿತು.

"ಉಪ್ಪು ನೀರು ಕಣಮ್ಮಿ! ತುಕ್ಕು ಇಡೀತದೆ!" ದಂಡೆಯಿಂದ ಅಪ್ಪ ಕೂಗಿದ.

"ಇಡೀಲಿ ಬುಡಿ," ಎಂದಳು ಅವ್ವ, ಹಿಂದೆ ತಿರುಗದೆ.