ಮುಯ್ಯಾಳು ಕೇಳಿದ ಸೆಂಟರ್ ಫಾರ್ವರ್ಡ್

ಮುನಿರಾಜು ಚೆಂಡನ್ನು ಮಾತಾಡಿಸುತ್ತಿದ್ದ. ಎದುರು ತಂಡದ ಇಬ್ಬರು ಮೈಮೇಲೆ ಬೀಳುತ್ತಿದ್ದರೂ ತಲೆ ತಗ್ಗಿಸಿ, ಕರುವನ್ನು ಕೊಟ್ಟಿಗೆಗೆ ಕರೆಯುವ ದನಿಯಲ್ಲಿ, "ದಾ ನಾಯ್ನಾ, ದಾ" ಎಂದು ತೆಲುಗಿನಲ್ಲಿ ಕರೆಯುತ್ತಿದ್ದ. ಹಾಳಾದ್ದು, ಅದೂ ಅವನ ಬರಿಗಾಲಿನ ಹಿಂದೆಯೇ ಹೋಗುತ್ತಿತ್ತು. ಅಪ್ಪನನ್ನು ಕಾಡಿ ಬೇಡಿ ಬೆಂಗಳೂರಿನಿಂದ ತರಿಸಿಕೊಂಡ ಬೂಟು ಹಾಕಿಕೊಂಡು ನಾನು ಗೆರೆಯಾಚೆ ಕೂತು ಅದನ್ನು ನೋಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಕೋಲಾರದ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅವನು ಸೆಂಟರ್ ಫಾರ್ವರ್ಡ್. ಅವನು ಆಡದಿದ್ದರೆ ಆ ಜಾಗಕ್ಕೆ ನಾನು. ಆದರೆ ಅವನು ಆಡದೆ ಇದ್ದದ್ದೇ ಇಲ್ಲ. ಸುಗಟೂರಿನವನು, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೆಳಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಬಸ್ಸು ಹಿಡಿದು ಬರುತ್ತಿದ್ದ. ನಾನು ಅದೇ ಬಸ್ಸಿಗೆ ಎರಡು ಊರು ಹಿಂದೆಯೇ ಹತ್ತಿ ಅವನಿಗೆ ಸೀಟು ಹಿಡಿದಿಡುತ್ತಿದ್ದೆ. ಹೊಟ್ಟೆಯಲ್ಲಿ ಕಿಚ್ಚು, ಪಕ್ಕದಲ್ಲಿ ಅವನಿಗೆ ಜಾಗ.

ಅವನಿಗೆ ಗರ್ವವಾದರೂ ಇದ್ದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಮುಳಬಾಗಿಲಿನವರ ಮೇಲೆ ಮೂರು ಗೋಲು ಹೊಡೆದು ಬಂದವನು ಸೀದಾ ನನ್ನ ಪಕ್ಕ ಕೂತು, "ನಿನ್ ಬೂಟು ಕಚ್ತಾವೇನೋ? ಎಣ್ಣೆ ಹಚ್ಚು, ಮೆತ್ತಗಾಗ್ತವೆ" ಅಂದಿದ್ದ. ಯಾರು ಹೊಗಳಿದರೂ, "ನಂದೇನೈತೆ, ಪಾಸ್ ಕೊಟ್ಟೋರ್ದು" ಅನ್ನುತ್ತಿದ್ದ. ಆ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಕ್ಯಾಂಟೀನಿನ ಭಟ್ಟರು ಅವನ ದೋಸೆಗೆ ಕೇಳದೆಯೇ ಬೆಣ್ಣೆ ಹಾಕುತ್ತಿದ್ದರು. ನನ್ನನ್ನು ಕಂಡರೆ, ನೀವೂ ಆಡ್ತೀರಾ ಎಂದು ವಿಚಾರಿಸುತ್ತಿದ್ದರು.

ಆ ವರ್ಷ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಮೂರೂ ತಂಡಗಳ ಮೇಲೆ ಗೆದ್ದೆವು. ಉಳಿದ ಮೂರು ಮ್ಯಾಚಿನಲ್ಲಿ ಎರಡು ಗೆದ್ದರೆ ಕಪ್ಪು ನಮ್ಮದು. ಅಷ್ಟರಲ್ಲಿ ಗೋಲ್‌ಕೀಪರ್ ಚಲಪತಿ ಮಿಲಿಟರಿಗೆ ಆಯ್ಕೆಯಾಗಿ ಹೊರಟೇಹೋದ. ಪಿ.ಟಿ. ಮೇಷ್ಟ್ರು ಹಿಂದೆ ಆಡುತ್ತಿದ್ದ ಹುಡುಗನೊಬ್ಬನನ್ನೇ ಹಿಡಿದು ಗೋಲಿಗೆ ನಿಲ್ಲಿಸಿದರು. ಹಿಂದೆ ತೂತು ಬಿದ್ದರೂ ಮುಂದೆ ಮುನಿರಾಜು ಇದ್ದಾನಲ್ಲ ಎಂದು ಹುಡುಗರು ತಮಗೆ ತಾವೇ ಧೈರ್ಯ ಹೇಳಿಕೊಂಡರು.

ನಾಲ್ಕನೇ ಮ್ಯಾಚಿನ ಹಿಂದಿನ ದಿನ ಬೆಳಗ್ಗೆ ಅವನು ಬಸ್‌ಸ್ಟಾಪಿನಲ್ಲಿ ನಿಂತಿದ್ದ, ಆದರೆ ಹತ್ತಲಿಲ್ಲ. ನನ್ನ ಕಿಟಕಿಯ ಹತ್ತಿರ ಬಂದು, ನಾಳೆ ಹುಳ ಹಣ್ಣಾಗುತ್ತವೆ ಎಂದ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳವನ್ನು ಅವತ್ತೇ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾಯಿತೋ, ತಿಂಗಳ ಪಾಡೆಲ್ಲ ಮಣ್ಣುಪಾಲು. ಅಂಥ ದಿನ ಊರವರು ಒಬ್ಬರ ಮನೆಗೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಇವತ್ತು ನೀನು ನನ್ನ ಮನೆಗೆ ದುಡಿದರೆ ನಾಳೆ ನಾನು ನಿನ್ನ ಮನೆಗೆ. ಆ ಸಲ ಎಲ್ಲರ ಮನೆಯಲ್ಲೂ ಒಟ್ಟಿಗೇ ಹುಳ ಹಣ್ಣಾಗಿ ಊರಲ್ಲಿ ಆಳೇ ಇರಲಿಲ್ಲ.

"ಮೇಷ್ಟ್ರಿಗೆ ಹೇಳೋ. ನಾಲ್ಕು ಜನ ಹುಡುಗ್ರು ಬೆಳಗ್ಗೆನೇ ಮುಯ್ಯಾಳಿಗೆ ಬಂದ್ರೆ ಹನ್ನೆರಡಕ್ಕೆಲ್ಲ ಮುಗೀತದೆ. ಒಂದೇ ಬಸ್ಸಲ್ಲಿ ಎಲ್ರೂ ಬಂದು ಆಡಾಣ. ಅಮ್ಮ ಅಡುಗೆ ಮಾಡ್ತೀನಿ ಅಂದವ್ರೆ."

ಆಗಲಿ ಎಂದೆ. ಬಸ್ಸು ಕೋಲಾರ ಮುಟ್ಟುವ ತನಕ ಹೇಳಬೇಕೆಂದೇ ಇದ್ದೆ, ದೇವರಾಣೆ. ಮುನಿರಾಜು ಎಲ್ಲೋ ಎಂದು ಮೇಷ್ಟ್ರು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: "ಅವ್ನು ನಾಳೆ ಬರಲ್ವಂತೆ ಸಾರ್."

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು, ಹಾಗಾದರೆ ನೀನೇ ಎಂದರು. ಆ ನಿಟ್ಟುಸಿರು ಕೇಳಿಸಿಯೂ ನಾನು ಖುಷಿಪಟ್ಟೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ನಾಲ್ಕು ಗೋಲಿನಿಂದ ಸೋತೆವು. ಎದುರಿಗೆ ಕೀಪರ್ ಒಬ್ಬನೇ ಇದ್ದಾಗ ಸಿಕ್ಕ ಚೆಂಡನ್ನು ನಾನು ಆಕಾಶಕ್ಕೆ ಒದ್ದೆ. ಮುನಿರಾಜು ಎಲ್ಲಿ, ಮುನಿರಾಜು ಎಲ್ಲಿ ಎಂದು ಜನ ಕೂಗಿದರು. ಮುನಿರಾಜು ಅಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿದ್ದ. ಕೈ ಸಾಲದೆ ಅವನ ಅಪ್ಪ ಒಬ್ಬರೇ ಚಂದ್ರಿಕೆ ಎತ್ತಿಕೊಂಡು ಬರುವಾಗ ಹೊಸಿಲಿಗೆ ಎಡವಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರು ಮತ್ತೆ ಸರಿಯಾಗಿ ಓಡಾಡಲಿಲ್ಲ, ಮುನಿರಾಜು ಮತ್ತೆ ಕಾಲೇಜಿಗೆ ಬರಲಿಲ್ಲ. ಉಳಿದೆರಡು ಮ್ಯಾಚೂ ಸೋತೆವು. ಎರಡರಲ್ಲೂ ನಾನೇ ಸೆಂಟರ್ ಫಾರ್ವರ್ಡ್.

ಆಮೇಲೆ ವರ್ಷಗಟ್ಟಲೆ, ಬಸ್ಸು ಸುಗಟೂರಿನಲ್ಲಿ ನಿಂತಾಗೆಲ್ಲ ನಾನು ಮುಖ ಈ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಎಂಬತ್ತರ ದಶಕದ ನಡುವೆ ಒಂದು ದಿನ, ಕೋಲಾರದ ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ಎದುರಿಗೇ ಸಿಕ್ಕಿಬಿಟ್ಟ. ಕೂದಲು ಉದುರಿತ್ತು, ನಗು ಮಾತ್ರ ಅದೇ. ತೋಳು ಹಿಡಿದು ಎಳೆದುಕೊಂಡು ಹೋಗಿ ಟೀ ಕುಡಿಸಿದ. ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ತಡೆಯಲಾರದೆ ಅವತ್ತು ನಡೆದದ್ದನ್ನೆಲ್ಲ ಕಕ್ಕಿಬಿಟ್ಟೆ.

"ಗೊತ್ತು ಬಿಡೋ," ಎಂದ. ಸೋತ ಮಾರನೆಯ ದಿನವೇ ಮೇಷ್ಟ್ರು ಆಸ್ಪತ್ರೆಗೆ ಬಂದು, ಆಳು ಬೇಕು ಅಂತ ಒಂದು ಮಾತು ಹೇಳಿಕಳಿಸಬಾರದಿತ್ತೇನೋ ಎಂದು ಅವನನ್ನು ಗದರಿದರಂತೆ. ತೋಚಲಿಲ್ಲ ಸಾರ್, ತಪ್ಪು ನಂದೇ ಎಂದನಂತೆ ಇವನು.

ನನ್ನ ಹೆಸರು ಯಾಕೋ ಹೇಳಲಿಲ್ಲ ಎಂದು ಕೇಳಿದೆ.

"ಇನ್ನೂ ಎರಡು ಮ್ಯಾಚ್ ಇತ್ತಲ್ಲೋ. ಚಲಪತಿ ಹೋದ, ನಾನೂ ಇಲ್ಲ. ನಿನ್ನೂ ಓಡಿಸಿಬಿಟ್ರೆ ಮೇಷ್ಟ್ರು ಹನ್ನೊಂದು ಜನಾನ ಎಲ್ಲಿಂದ ತರ್ತಿದ್ರು?"

ಅವನ ಗೂಡು ಹರಾಜಿಗೆ ಬಂತೆಂದು ಯಾರೋ ಕರೆದರು. ಬರ್ತೀನಿ ಕಣೋ ಎಂದು ಎದ್ದು ಹೋದ. ಮತ್ತೆ ನಾನು ಅವನನ್ನು ನೋಡಲಿಲ್ಲ. ಅವತ್ತಾದರೂ ನನ್ನ ಎದೆ ಹಗುರಾಗಬೇಕಿತ್ತು. ಆದರೆ ಅಪ್ಪ ಸೊಂಟ ಮುರಿದು ಮಲಗಿದ್ದ ಹೊತ್ತಿನಲ್ಲೂ ತಂಡಕ್ಕೆ ಇನ್ನೊಬ್ಬ ಕಮ್ಮಿಯಾದಾನು ಎಂದು ಯೋಚಿಸಿದನಲ್ಲ ಇವನು, ದೇವರು ಇಂಥ ಮನಸ್ಸನ್ನೂ ಇವನಿಗೇ ಕೊಡಬೇಕಿತ್ತೇ ಎಂದು ಆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೊಟ್ಟೆಕಿಚ್ಚುಪಟ್ಟೆ. ಈಗಲೂ ಪಡುತ್ತೇನೆ.