ಬೆನ್ನಿಗೆ ಬಿಸಿಲು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಂಡು, ಕಾಫಿ ಕೊಟ್ಟು ಕಳಿಸುವವಳು ನಾನು. ನಂಬಿದವಳಲ್ಲ. ಈಗಲೂ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ಹೊಳೆಯಲಿ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ತ್ರಿಪ್ಲಿಕೇನಿನ ಹೋಟೆಲೊಂದರಲ್ಲಿ ಅಡುಗೆಗಿದ್ದರು. ರಜೆಯ ಸಂಜೆ ನಮ್ಮನ್ನೆಲ್ಲ ಮರೀನಾ ಕಡಲತೀರಕ್ಕೆ ಕರೆದೊಯ್ಯುವರು. ಮನೆಯಲ್ಲಿ ಹಳೆಯದೊಂದು ಡಬ್ಬಿ ಕ್ಯಾಮೆರಾ ಇತ್ತು. ಅಪ್ಪಯ್ಯ ತೆಗೆದರೆ ಫೋಟೋದಲ್ಲಿ ಯಾರಿಗೂ ತಲೆ ಇರುತ್ತಿರಲಿಲ್ಲ. ರೀಲು ದಂಡವಾಗುತ್ತದೆಂದು ಅಮ್ಮನೇ ತೆಗೆಯುತ್ತಿದ್ದಳು. ಬಿಸಿಲು ಬೆನ್ನಿಗಿರಬೇಕು ಎಂದು ಸ್ಟುಡಿಯೋದವರು ಹೇಳಿದ್ದನ್ನು ಅವಳು ಮಡಿಯಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾಮೆರಾವನ್ನು ಹೊಟ್ಟೆಗೊತ್ತಿ, ತಲೆ ಬಗ್ಗಿಸಿ ಅದರೊಳಗೆ ನೋಡುತ್ತ, "ಉಸ್ರು ಹಿಡ್ಕಣಿ ಮಕ್ಳೆ" ಎನ್ನುವಳು. ಹಾಗಾಗಿ ಎಲ್ಲ ಫೋಟೋಗಳಲ್ಲೂ ನಮ್ಮ ಕಾಲ ಬಳಿ ಅವಳ ನೆರಳಿದೆ. ಅವಳಿಲ್ಲ.

ನನಗಿನ್ನೂ ಲಂಗದ ವಯಸ್ಸಿರುವಾಗಲೇ ಹೋದಳು. ಹಾರ ಹಾಕಲು ಗೋಡೆಯ ಮೇಲೆ ಒಂದು ಪಟವೂ ಇಲ್ಲ. ಈಚೆಗೆ ಅವಳ ಮುಖ ನೆನೆದರೆ ಚಿಕ್ಕಮ್ಮನ ಮುಖ ಅಡ್ಡ ಬರುತ್ತದೆ. ಅದೊಂದು ಹೆದರಿಕೆ ನನಗೆ, ಅಮ್ಮ ಪೂರ್ತಿ ಅಳಿಸಿಹೋಗುತ್ತಾಳೆಂದು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮಗಳ ಜೊತೆ ಮರೀನಾಕ್ಕೆ ಹೋಗಿದ್ದೆ. ಹುರಿದ ಕಡಲೆ ತಿಂದು, ಸೀರೆಯ ಮರಳು ಕೊಡವಿ ನಿಂತೆ. ಬಿಸಿಲು ಊರಿನ ಕಡೆಗೆ ಇಳಿದಿತ್ತು. ಕಡಲು ಹಿಂದಿರಲಿ ಎಂದು ನನ್ನನ್ನು ನಿಲ್ಲಿಸಿ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಯಾಕೋ ನಾನು ಉಸಿರು ಹಿಡಿದಿದ್ದೆ.

ತೆಗೆದದ್ದನ್ನು ನೋಡುತ್ತ ಅವಳ ನಗು ನಿಂತಿತು. "ಅಮ್ಮಾ, ನಿನ್ನೆದುರು ನಾನೊಬ್ಬಳೇ ತಾನೇ ನಿಂತಿದ್ದೆ? ಈ ನೆರಳು ಯಾರದು?"

ಫೋಟೋದಲ್ಲಿ ನನ್ನ ಕಾಲ ಬಳಿ ಒಂದೇ ನೆರಳು. ಮಗಳದು ಗಿಡ್ಡ ಕೂದಲು, ಪ್ಯಾಂಟು. ಮೊಬೈಲನ್ನು ಮುಖದೆದುರು ಎತ್ತಿ ಹಿಡಿದಿದ್ದಳು. ಮರಳಿನ ಮೇಲಿದ್ದದ್ದು ತುರುಬು ಕಟ್ಟಿದ, ಸೀರೆಯುಟ್ಟ ಹೆಂಗಸಿನ ನೆರಳು. ಮೊಣಕೈಗಳು ಅಗಲವಾಗಿದ್ದವು, ತಲೆ ಹೊಟ್ಟೆಯ ಕಡೆಗೆ ಬಗ್ಗಿತ್ತು.

ಮಗಳ ಹಿಂದೆ ಬರೀ ಮರಳು. ಅಲ್ಲೇ ನಿಂತು ಇನ್ನೂ ಕೆಲವು ತೆಗೆಸಿದೆ. ಎಲ್ಲದರಲ್ಲೂ ಮಗಳದೇ ನೆರಳು. ಮನೆಗೆ ಬಂದು ತೋರಿಸಿದಾಗ, ಯಾರೋ ಹಾದುಹೋಗಿರಬೇಕು ಕಣೇ ಎಂದರು ನಮ್ಮ ಯಜಮಾನರು. ಇರಬಹುದು. ಹಾಗಾದರೆ ಮಗಳ ನೆರಳೆಲ್ಲಿ ಎಂದು ಕೇಳಿದೆ. ಪೇಪರು ಮಡಚಿಟ್ಟು, ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದರು.

ಆ ಫೋಟೋ ನನ್ನ ಹತ್ತಿರವಿದೆ. ಅಡುಗೆ ಮುಗಿಸಿ ಒಮ್ಮೊಮ್ಮೆ ಬೆರಳಲ್ಲಿ ಹಿಗ್ಗಿಸಿ ನೋಡುತ್ತೇನೆ. ಏನೆಂದು ನನಗೆ ತಿಳಿಯದು. ನೆರಳಿಗೆ ಮುಖವಿರುವುದಿಲ್ಲ ಎಂಬುದು ಮಾತ್ರ ತಿಳಿದಿದೆ. ಆದರೂ, ಅಷ್ಟು ದೂರ ಬಂದವಳು ಒಂದು ಸಲ ತಲೆ ಎತ್ತಬಹುದಿತ್ತು.