ಎರಡು ಉಸಿರು ನಿನಗೆ, ಎರಡು ನನಗೆ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ರಾಗಿ ಬೀಸುವ ಮಿಷನ್ ಇಟ್ಟುಕೊಂಡಿರುವ ಶಂಕರಲಿಂಗಪ್ಪ ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ದುಡಿದವನು ಅಂದರೆ ಜನ ನಗುತ್ತಾರೆ. ತಲೆ ತುಂಬ ಹಿಟ್ಟು ಮೆತ್ತಿಕೊಂಡು ಕೂತವನನ್ನು ನೋಡಿದರೆ ನಗಲೇಬೇಕು. ಆದರೆ ಅದು ನಿಜ. ಅವನು ಯಾಕೆ ಮೇಲೆ ಬಂದ ಅನ್ನುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನನಗೆ ಹೇಳಿದ, ತಲೆ ಎತ್ತದೆ.

ಮಿಡಿಗೇಶಿ ಕಡೆಯ ಹಳ್ಳಿ, ಉಳುವ ಗೌಡರ ಮನೆ. ಹುಡುಗನಾಗಿದ್ದಾಗಲೇ ನೌಕಾಪಡೆ ಸೇರಿ ಮುಳುಗುವ ಕೆಲಸ ಕಲಿತ. ಎಪ್ಪತ್ತೆಂಟರಲ್ಲಿ ಅದನ್ನು ಬಿಟ್ಟು ಬೊಂಬಾಯಿಯ ಒಬ್ಬ ಗುತ್ತಿಗೆದಾರನ ಹತ್ತಿರ ಸೇರಿದ. ಆ ಗುತ್ತಿಗೆದಾರ ಬೋಟೊಂದನ್ನು ಬಾಡಿಗೆಗೆ ಹಿಡಿದು ಆಳುಗಳನ್ನು ಕಡಲ ನಡುವಿನ ಎಣ್ಣೆಬಾವಿಗಳಿಗೆ ಒಯ್ಯುತ್ತಿದ್ದ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಇಳಿದು, ಬಾವಿಯ ಅಟ್ಟ ಹೊತ್ತ ಉಕ್ಕಿನ ಕಾಲುಗಳಿಗೆ ಮೆತ್ತಿದ ಚಿಪ್ಪು ಕೆರೆಯಬೇಕು, ಬಿರುಕು ಹುಡುಕಬೇಕು. ಆ ಕೆಲಸ ಇಲ್ಲದಾಗ ಮುಳುಗಿದ ಹಡಗುಗಳ ಹಿತ್ತಾಳೆ ಬಿಚ್ಚಿ ತರಬೇಕು.

ಅದೇ ಊರಿನ ಮಾದಿಗರ ಕೇರಿಯ ಓಬಳಯ್ಯ ಆಗ ಬೊಂಬಾಯಿ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಬಾವಿ ತೋಡುವವರ ಮಗ, ನೀರೆಂದರೆ ಅಂಜಿಕೆಯಿಲ್ಲ. ಶಂಕರಲಿಂಗಪ್ಪನೇ ಅವನನ್ನು ಬೋಟಿಗೆ ಹತ್ತಿಸಿ ಕೆಲಸ ಕಲಿಸಿದ. ಊರಲ್ಲಿ ಓಬಳಯ್ಯನ ಅಪ್ಪ ಇವರ ಹೊಸ್ತಿಲು ಮೆಟ್ಟಿದವನಲ್ಲ. ಬೋಟಿನಲ್ಲಿ ಮಕ್ಕಳಿಬ್ಬರೂ ಒಂದೇ ತಟ್ಟೆಯ ಮೀನು ತಿಂದರು. ಕೇಳುವವರು ಯಾರಿದ್ದರು ಅಲ್ಲಿ?

ಆ ಕೆಲಸದ ಮೊದಲ ಪಾಠ ಇದು: ನೀರೊಳಗೆ ಒಬ್ಬನ ಗಾಳಿ ನಿಂತರೆ ಜೊತೆಗಾರ ತನ್ನ ಬಾಯಲ್ಲಿ ಕಚ್ಚಿಕೊಂಡ ರಬ್ಬರನ್ನು ಕಿತ್ತು ಅವನ ಬಾಯಿಗೆ ಕೊಡಬೇಕು. ಎರಡು ಉಸಿರು ನಿನಗೆ, ಎರಡು ನನಗೆ. ದಿನಾ ಬೆಳಗ್ಗೆ ಇಳಿಯುವ ಮುಂಚೆ ಬೋಟಿನ ಮೇಲೇ ಹಾಗೆ ಬದಲಾಯಿಸಿಕೊಂಡು ನೋಡುವ ರೂಢಿ.

ಎಂಬತ್ತೆರಡರಲ್ಲಿ ಒಂದು ಸರಕು ಹಡಗಿನ ಹೊಟ್ಟೆಯೊಳಗೆ ಶಂಕರಲಿಂಗಪ್ಪ ಸಿಕ್ಕಿಕೊಂಡ. ಹಳೇ ಬಲೆಗೆ ಗಾಳಿಯ ಕೊಳವೆ ತೊಡರಿ ಹರಿಯಿತು. ಕೆಸರೆದ್ದು ಕಣ್ಣು ಕಾಣದು. ತಡಕಾಡುತ್ತ ಬಂದ ಓಬಳಯ್ಯ ತನ್ನ ಬಾಯಿಯ ರಬ್ಬರನ್ನು ಕಿತ್ತು ಇವನ ಬಾಯಿಗೆ ತುರುಕಿದ. ಇವನು ಗಾಬರಿಯಲ್ಲಿ ಎರಡಲ್ಲ, ನಾಕು ಉಸಿರು ಎಳೆದ. ಅವನು ಕಾದ. ಹಾಗೆ ಕೊಟ್ಟು, ಇಸಕೊಂಡು, ಒಬ್ಬರನ್ನೊಬ್ಬರು ತಬ್ಬಿಕೊಂಡೇ ಮೇಲೆದ್ದರು. ಬೋಟಿನ ಹಲಗೆಯ ಮೇಲೆ ಶಂಕರಲಿಂಗಪ್ಪ ವಾಂತಿ ಮಾಡಿಕೊಂಡು ಬಿದ್ದಿದ್ದರೆ ಓಬಳಯ್ಯ ಪಕ್ಕದಲ್ಲಿ ಕೂತು ಕಿಚಾಯಿಸಿದ:

"ಹೆಂಗಿತ್ತು ಶಂಕ್ರಣ್ಣ, ನನ್ನ ಎಂಜ್ಲು?"

"ಉಪ್ಪುಪ್ಪಾಗಿತ್ತು ಕಣ್ಲಾ."

"ನಾಕು ಸಲ ಎಳ್ಕಂಡ್ಬುಟ್ಟೆ. ರುಚಿ ಹತ್ತೋಯ್ತೇನೋ ಅನ್ಕಂಡೆ!"

ಮುಂದಿನ ವರ್ಷ ಮಳೆಗಾಲದಲ್ಲಿ ಬೋಟು ನಿಂತಾಗ ಇಬ್ಬರೂ ಊರಿಗೆ ಬಂದರು. ಶಂಕರಲಿಂಗಪ್ಪನಿಗೆ ಮಗಳು ಹುಟ್ಟಿದ್ದಳು. ಕೂಸನ್ನು ನೋಡಲು ಓಬಳಯ್ಯ ಇಸ್ತ್ರಿ ಪ್ಯಾಂಟು ಹಾಕಿಕೊಂಡು, ಬೊಂಬಾಯಿ ಹಲ್ವದ ಡಬ್ಬಿ ಹಿಡಿದು ಬಂದ. ಜಗಲಿಯಲ್ಲಿ ಕೂತಿದ್ದ ಶಂಕರಲಿಂಗಪ್ಪನ ತಾಯಿ ಶಿವರುದ್ರಮ್ಮ, "ಯಾರ ಪೈಕಿಯಪ್ಪಾ ನೀನು?" ಅಂದಳು.

ಓಬಳಯ್ಯ ಶಂಕರಲಿಂಗಪ್ಪನ ಮುಖ ನೋಡಿದ. 'ಇವನಿಂದ ನಾನು ಬದುಕಿದೀನಿ ಕಣವ್ವ' ಅಂದಿದ್ದರೆ ಸಾಕಿತ್ತು. ಶಂಕರಲಿಂಗಪ್ಪ ಕಂಬ ನೋಡುತ್ತ ನಿಂತ.

ಮುದುಕಿಗೆ ಅಷ್ಟು ಸಾಕಾಯಿತು. "ಓ, ಬಾವಿ ತೋಡೋ ನರಸನ ಮಗನಾ? ಬೊಂಬಾಯಿ ನೀರು ಬಿದ್ದು ಬೆಳ್ಳಗಾಗ್ಬುಟ್ಟಿದೀಯಲ್ಲೋ! ಅಲ್ಲೇ ಕಲ್ಲಿನ ಮೇಲೆ ಕೂತ್ಕೊ, ಕಾಫಿ ಕೊಡ್ತೀನಿ" ಅಂದಳು. ಸೂರಿಗೆ ಸಿಕ್ಕಿಸಿದ್ದ ಲೋಟವನ್ನು ಅವನೇ ಇಳಿಸಿಕೊಳ್ಳಬೇಕಾಯಿತು. ಅವಳು ಎತ್ತರದಿಂದ ಹುಯ್ದಳು. ಅವನು ಕುಡಿದ. ಕಲಗಚ್ಚಿನ ಬಾನಿಯ ಪಕ್ಕ ಕೂತು ಲೋಟ ತೊಳೆದು ಮತ್ತೆ ಸೂರಿಗೇ ಸಿಕ್ಕಿಸಿದ. ಕೂಸನ್ನು ಯಾರೂ ಹೊರಗೆ ತರಲಿಲ್ಲ.

"ಬತ್ತೀನಿ ಗೌಡ್ರೆ," ಅಂದ.

ಓಬಳಯ್ಯನ ಬಾಯಲ್ಲಿದ್ದ ಶಂಕ್ರಣ್ಣ ಸತ್ತದ್ದು ಅಲ್ಲಿ. ಹಲ್ವ ಎಮ್ಮೆಗೆ ಹೋಯಿತು.

ಮಳೆ ನಿಂತ ಮೇಲೆ ಬೋಟಿನಲ್ಲಿ ಮತ್ತೆ ಜೊತೆಯಾದರು. ಮೊದಲ ಬೆಳಗ್ಗೆ ರಬ್ಬರು ಬದಲಾಯಿಸುವ ಹೊತ್ತು. ಓಬಳಯ್ಯ ತನ್ನದನ್ನು ಬಕೆಟ್ಟಿಗೆ ಅದ್ದಿ, ಅಂಗಿಯ ಚುಂಗಿನಲ್ಲಿ ಒರೆಸಿ, ಆಮೇಲೆ ಚಾಚಿದ. ಹಿಂದೆ ಯಾವತ್ತೂ ಹಾಗೆ ಮಾಡಿದವನಲ್ಲ.

"ತೊಳ್ದಿದೀನಿ, ತಗಳಿ ಗೌಡ್ರೆ."

ಅಣಕವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅವನ ದನಿಯಲ್ಲಿ ಅಣಕವೂ ಇರಲಿಲ್ಲ ಅನ್ನುತ್ತಾನೆ ಶಂಕರಲಿಂಗಪ್ಪ. ಆವತ್ತು ಅವನು ನೀರಿಗಿಳಿಯಲಿಲ್ಲ. ಆಮೇಲೂ ಇಳಿಯಲಾಗಲಿಲ್ಲ. ಕೆಳಗೆ ಗಾಳಿ ನಿಂತರೆ ಯಾವ ಮುಖ ಇಟ್ಟುಕೊಂಡು ಬಾಯಿ ತೆರೆಯುವುದು? ಲೆಕ್ಕ ಚುಕ್ತಾ ಮಾಡಿಸಿಕೊಂಡು ಬಂದು ಮಿಷನ್ ಹಾಕಿದ.

ಹೋಟೆಲುಗಳಲ್ಲಿ ಎರಡು ಲೋಟ ಇಡುವುದರ ವಿರುದ್ಧ ನಮ್ಮ ದಲಿತ ಸಂಘದವರು ಮಧುಗಿರಿಯಲ್ಲಿ ಧರಣಿ ಕೂತಾಗ ಅವನು ಬಂದು ನನಗೆ ಇದನ್ನೆಲ್ಲ ಹೇಳಿದ್ದು. ವೇದಿಕೆಯ ಮೇಲೆ ಹೇಳಯ್ಯಾ ಅಂದೆ. "ನಮ್ಮವ್ವ ಇನ್ನೂ ಬದ್ಕವ್ಳೆ" ಅಂದ. ಹೇಡಿ ಅಂತ ಬೈದು ಕಳಿಸಿದೆ.

ಎಂಬತ್ತೇಳರಲ್ಲಿ ಶಿವರುದ್ರಮ್ಮ ತೀರಿಕೊಂಡಳು. ತಿಥಿ ಮುಗಿದ ಮಾರನೆ ದಿನ ಶಂಕರಲಿಂಗಪ್ಪ ಕೇರಿಗೆ ಹೋದ. ಓಬಳಯ್ಯ ಬೊಂಬಾಯಿಯಲ್ಲೇ ಇದ್ದ. ಗುಡಿಸಲ ಮುಂದೆ ಅವನ ತಾಯಿ ಹನುಮಕ್ಕ ಹುಣಸೆಹಣ್ಣು ಕುಟ್ಟುತ್ತಿದ್ದಳು.

"ಕುಡಿಯಾಕೆ ಒಂಚೂರು ನೀರು ಕೊಡವ್ವ," ಅಂದ.

ಅವಳು ಕುಟ್ಟುವುದನ್ನು ನಿಲ್ಲಿಸಿ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾಕೆ, ನಿಮ್ ಮನೇಲಿ ಬತ್ತೋಯ್ತಾ?"

"ಇಲ್ಲವ್ವ. ನಿನ್ ಕೈನಾಗೆ ಕುಡಿಬೇಕು ಅಂತ ಬಂದೆ."

"ಕುಡ್ದು ನೀನು ಹಗುರಾಗಿ ಹೋಯ್ತೀಯ. ನಾಳಿಕೆ ಗೌಡ್ರ ಹುಡುಗ್ರು ಬಂದು, ನಮ್ಮೋನ್ನ ಕೆಡಿಸ್ಬುಟ್ರಿ ಅಂತ ಒದಿಯೋದು ಯಾರ್ನ? ನಿನ್ನಾ? ಕೇಳಾದಿದ್ರೆ ನನ್ ಮಗನ್ನ ಕೇಳು, ಹೋಗು."

ಒನಕೆ ಮತ್ತೆ ಎದ್ದಿತು. ಶಂಕರಲಿಂಗಪ್ಪ ಬಂದ ದಾರಿಯಲ್ಲೇ ಹಿಂದಿರುಗಿದ. ಬೊಂಬಾಯಿಗೆ ಇನ್ನೂ ಹೋಗಿಲ್ಲ.